ಮೊಲ ತನ್ನ ಕಾಲನ್ನೇ ಕಚ್ಚಿ ಗಾಯ ಮಾಡಿಕೊಂಡರೆ: ಕಾರಣ ಹುಡುಕಿ ವಾಸಿ ಮಾಡುವ ಸಮಗ್ರ ಮಾರ್ಗದರ್ಶಿ

ಮನೆಯ ಮೊಲ ತನ್ನ ಕಾಲನ್ನು ತಾನೇ ಕಚ್ಚಿಕೊಂಡು ರಕ್ತ ಬರಿಸಿಕೊಂಡಿದೆ ಅಂದರೆ ಮನೆಯವರ ಬಾಯಲ್ಲಿ ಮೊದಲು ಬರೋದು ಎರಡು ಮಾತು. ‘ಬೋರ್ ಆಗಿರಬೇಕು’, ಇಲ್ಲ ‘ಒಂದು ಬ್ಯಾಂಡೇಜ್ ಸುತ್ತಿಬಿಡೋಣ’. ಎರಡೂ ಆತುರದ ಮಾತು. ಮೊಲ ಸುಮ್ನೆ ಕಾಲು ಕಚ್ಚಿಕೊಳ್ಳುವುದಿಲ್ಲ. ಆ ಕಾಲಲ್ಲಿ ನೋವಿರುತ್ತದೆ, ಇಲ್ಲ ತುರಿಕೆ ಇರುತ್ತದೆ, ಇಲ್ಲ ನರಕ್ಕೆ ಪೆಟ್ಟಾಗಿ ಜೋಮು ಹಿಡಿದಿರುತ್ತದೆ. ಈ ಮೂರನ್ನೂ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಮಾತ್ರ ಬೇಸರದ ಮಾತು. ಕಾರಣ ತಿಳಿಯದೆ ಸುತ್ತಿದ ಬ್ಯಾಂಡೇಜ್ ಬೆಳಗಾಗುವಷ್ಟರಲ್ಲಿ ಮೊಲದ ಹೊಟ್ಟೆ ಸೇರಿರುತ್ತದೆ. ಆಗ ಕಾಲಿನ ಜೊತೆ ಕರುಳಿನ ಚಿಂತೆಯೂ ಶುರು.

ಇಲ್ಲಿ ಹೇಳಿರುವುದು ಡಾಕ್ಟರ ಹತ್ತಿರ ಹೋಗುವ ಮುಂಚೆ ಏನು ಮಾಡಬೇಕು, ಅಲ್ಲಿ ಏನು ಕೇಳಬೇಕು, ಮನೆಗೆ ಬಂದ ಮೇಲೆ ಹೇಗೆ ನೋಡಿಕೊಳ್ಳಬೇಕು ಅನ್ನುವುದು. ಡಾಕ್ಟರ ಬದಲಿಗೆ ಅಲ್ಲ.

ಮೊದಲು ರಕ್ತ ನಿಲ್ಲಿಸಿ

ಮೊಲದ ಮೈಯಲ್ಲಿ ಇರುವ ರಕ್ತವೇ ಕಡಿಮೆ. ಒಂದು ಕಿಲೋ ತೂಕಕ್ಕೆ ಸುಮಾರು 55ರಿಂದ 65 ಮಿಲಿ. ಎರಡು ಕಿಲೋ ಮೊಲದ ಇಡೀ ರಕ್ತ ನಮ್ಮ ಒಂದು ಕಾಫಿ ಲೋಟದಲ್ಲಿ ಹಿಡಿಸಿಬಿಡುತ್ತದೆ. ಹಾಗಾಗಿ ಟೈಲ್ಸ್ ಮೇಲೆ ಬಿದ್ದ ನಾಲ್ಕು ಹನಿಗೆ ಗಾಬರಿ ಬೇಡ, ಆದರೆ ತೊಟ್ಟಿಕ್ಕುತ್ತಲೇ ಇದ್ದರೆ ಕಾಯಲೂಬೇಡಿ. ಶುಭ್ರವಾದ ಹತ್ತಿ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ‘ನಿಂತಿತಾ’ ಅಂತ ನಡುನಡುವೆ ಎತ್ತಿ ನೋಡಬೇಡಿ. ಉಗುರು ಮುರಿದು ರಕ್ತ ಬರುತ್ತಿದ್ದರೆ ಅಡುಗೆಮನೆಯ ಕಾರ್ನ್ ಫ್ಲೋರ್ ಉಗುರಿನ ತುದಿಗೆ ಒತ್ತಿ ಹಿಡಿದರೆ ಸಾಕು, ನಿಲ್ಲುತ್ತದೆ.

ಗಾಯಕ್ಕೆ ಕಾಫಿಪುಡಿ ಒತ್ತುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ. ಮೊಲಕ್ಕೆ ಖಂಡಿತ ಬೇಡ. ಅದು ನೆಕ್ಕುತ್ತದೆ, ಕೆಫೀನ್ ಅದಕ್ಕೆ ವಿಷ. ಸುಣ್ಣ, ಬೂದಿ, ಡೆಟಾಲ್ ಯಾವುದೂ ಬೇಡ. ಅರಿಶಿನವನ್ನೂ ಬಿಡಿ. ಗಾಯದ ಬಣ್ಣವೇ ಮುಚ್ಚಿಹೋಗಿ ಡಾಕ್ಟರಿಗೆ ಏನೂ ಕಾಣಿಸುವುದಿಲ್ಲ.

ಕೆಲವು ಲಕ್ಷಣ ಕಂಡರೆ ಈ ಲೇಖನ ಮುಂದೆ ಓದುವುದು ಬಿಟ್ಟು ಹೊರಡಿ: ಮೂಳೆ ಕಾಣಿಸುತ್ತಿದೆ, ಬೆರಳು ಕಪ್ಪಗೆ ಅಥವಾ ನೀಲಿಯಾಗಿ ತಣ್ಣಗಾಗಿದೆ, ಹಿಂಗಾಲು ಎಳೆಯುತ್ತಿದೆ, ಗಾಯದಲ್ಲಿ ಹುಳ ಹರಿದಾಡುತ್ತಿದೆ, ಹತ್ತು ಹನ್ನೆರಡು ಗಂಟೆಯಿಂದ ಏನೂ ತಿಂದಿಲ್ಲ ಅಥವಾ ಹಿಕ್ಕೆ ಹಾಕಿಲ್ಲ. ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನೋವಿಗೆ ಮೊಲ ತಿನ್ನುವುದು ಬಿಡುತ್ತದೆ, ತಿನ್ನುವುದು ಬಿಟ್ಟರೆ ಕರುಳು ನಿಲ್ಲುತ್ತದೆ. ಕಾಲಿನ ಗಾಯಕ್ಕಿಂತ ಬೇಗ ಪ್ರಾಣ ತೆಗೆಯುವುದು ಇದೇ.

ಹಿಡಿಯುವ ಬಗೆ

ನೆಲದ ಮೇಲೆ ಕೂತು ನೋಡಿ. ಮೇಜಿನ ಮೇಲೆ, ನಿಂತುಕೊಂಡು, ಮಂಚದ ಅಂಚಿನಲ್ಲಿ ಬೇಡ. ಮೊಲದ ಮೂಳೆ ಹಗುರ, ಹಿಂಗಾಲಿನ ಬಲ ಜಾಸ್ತಿ. ಕೈಯಲ್ಲಿ ಒದ್ದಾಡಿ ಒಂದು ಸಲ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ದಪ್ಪ ಟವೆಲಿನಲ್ಲಿ ಮೈಯನ್ನು ಬಿಗಿಯಾಗಿ ಸುತ್ತಿ, ನೋಡಬೇಕಾದ ಒಂದು ಕಾಲನ್ನು ಮಾತ್ರ ಹೊರಗೆ ಬಿಡಿ. ಒಬ್ಬರು ಹಿಡಿಯಲಿ, ಇನ್ನೊಬ್ಬರು ನೋಡಲಿ. ಅಂಗಾತ ಮಲಗಿಸಿದರೆ ಮೊಲ ಅಲ್ಲಾಡದೆ ಬಿದ್ದಿರುತ್ತದೆ, ನಿಜ. ಅದು ಸಮಾಧಾನ ಅಲ್ಲ, ಭಯಕ್ಕೆ ಮೈ ಮರಗಟ್ಟಿರುವುದು. ಆ ಉಪಾಯ ಬೇಡ.

ನಿಜಕ್ಕೂ ಕಚ್ಚಿಕೊಂಡಿದೆಯಾ?

ಕಾಲು ಒದ್ದೆಯಾಗಿದ್ದ ಮಾತ್ರಕ್ಕೆ ಕಚ್ಚಿಕೊಂಡಿದೆ ಅಂತಲ್ಲ. ಎರಡೂ ಮುಂಗಾಲಿನ ಒಳಬದಿಯ ಕೂದಲು ಮಾತ್ರ ಅಂಟಂಟಾಗಿ ಗಂಟು ಕಟ್ಟಿದ್ದರೆ, ಅದು ಸೋರುವ ಮೂಗನ್ನೋ ಬಾಯನ್ನೋ ಆ ಕಾಲಿನಿಂದ ಒರೆಸಿಕೊಳ್ಳುತ್ತಿದೆ ಅಂತ ಅರ್ಥ. ಅಲ್ಲಿ ನೋಡಬೇಕಾದ್ದು ಶ್ವಾಸದ ಸೋಂಕು ಅಥವಾ ಹಲ್ಲು. ಹಿಂಗಾಲಿನ ಕೂದಲು ಹಳದಿಯಾಗಿ ವಾಸನೆ ಬರುತ್ತಿದ್ದರೆ ಮೂತ್ರದಲ್ಲೇ ಕೂರುತ್ತಿದೆ. ಇನ್ನೊಂದು ವಿಷಯ: ಮೊಲದ ಮೂತ್ರ ಕೆಲವು ಸೊಪ್ಪು ತಿಂದಾಗ ಕೆಂಪಗೆ, ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ತುಳಿದ ಬಿಳಿ ಮೊಲದ ಕಾಲು ನೋಡಿ ರಕ್ತ ಅಂತ ಓಡಿಬಂದವರೂ ಇದ್ದಾರೆ.

ಜೋಡಿ ಮೊಲ ಸಾಕಿದ್ದರೆ ಇನ್ನೊಂದು ಕಚ್ಚಿರಬಹುದು, ಇಲಿ ಕಚ್ಚಿರಬಹುದು. ಹೊರಗಿಂದ ಕಚ್ಚಿದ ಗಾಯ ಸಾಮಾನ್ಯವಾಗಿ ಒಂದೇ ಸಲಕ್ಕೆ ಆದದ್ದು, ಆಳವಾದ ತೂತು. ತಾನೇ ಕಚ್ಚಿಕೊಂಡದ್ದಾದರೆ ಸುತ್ತಲಿನ ಕೂದಲು ಕತ್ತರಿಸಿದ ಹಾಗೆ ಮೊಟಕಾಗಿರುತ್ತದೆ, ಜೊಲ್ಲಿನಿಂದ ಒದ್ದೆಯಾಗಿರುತ್ತದೆ, ದಿನದಿಂದ ದಿನಕ್ಕೆ ಅಗಲವಾಗುತ್ತದೆ. ಅನುಮಾನ ಇದ್ದರೆ ಫೋನನ್ನು ಗೂಡಿನ ಎದುರು ನಿಲ್ಲಿಸಿ ರಾತ್ರಿ ವಿಡಿಯೋ ಮಾಡಿ. ಡಾಕ್ಟರಿಗೆ ಆ ವಿಡಿಯೋ ನಿಮ್ಮ ಮಾತಿಗಿಂತ ಹೆಚ್ಚು ಹೇಳುತ್ತದೆ.

ಯಾವ ಕಾಲು, ಯಾವ ಜಾಗ

ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ನಾಯಿ ಬೆಕ್ಕಿಗೆ ಇರುವಂಥ ಮೆತ್ತನೆಯ ಅಂಗಾಲು ಮೊಲಕ್ಕಿಲ್ಲ, ಬರೀ ಕೂದಲೇ ಹಾಸು. ಕೂದಲನ್ನು ಊದಿ ಬಿಡಿಸುತ್ತಾ, ಟಾರ್ಚ್ ಬಿಟ್ಟು, ಒಂದೊಂದೇ ಬೆರಳಿನ ಸಂದು ನೋಡಿ. ಗಾಯವಿಲ್ಲದ ಕಾಲನ್ನು ಮೊದಲು ನೋಡಿದರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

*ಒಂದೇ ಕಾಲು, ಒಂದೇ ಬೆರಳು.* ಬೆರಳಿನ ಬುಡದಲ್ಲಿ ದಾರ ಹುಡುಕಿ. ಗೋಣಿಚೀಲದ ಎಳೆ, ಹಳೇ ಕಾಲೊರಸಿನ ನೂಲು, ನಮ್ಮ ತಲೆಗೂದಲು, ಹೂಮಾಲೆಯ ದಾರ, ಯಾವುದೂ ಆಗಬಹುದು. ಕಣ್ಣಿಗೆ ದಾರ ಕಾಣಿಸುವುದೇ ಇಲ್ಲ. ಕಾಣಿಸುವುದು ಬೆರಳಿನ ಸುತ್ತ ಒಂದು ತೆಳು ಗೆರೆ, ಗೆರೆಯ ಮುಂದೆ ದ್ರಾಕ್ಷಿಯಷ್ಟು ಊದಿದ ತುದಿ. ಎರಡು ದಿನದ ಹಿಂದಿನದಾದರೆ ಚರ್ಮ ಆ ಎಳೆಯ ಮೇಲೆ ಬಾವು ಬಂದು ಮುಚ್ಚಿಕೊಂಡಿರುತ್ತದೆ. ಉಗುರಿನಿಂದ ಆ ಗೆರೆಯನ್ನು ಮೆಲ್ಲಗೆ ಅಗಲಿಸಿದಾಗ ಒದ್ದೆಯಾದ ಒಂದೇ ಒಂದು ಕೂದಲು ಹೊಳೆಯುತ್ತದೆ. ಸಡಿಲ ಇದ್ದರೆ ತುದಿ ಮೊಂಡಾದ ಕತ್ತರಿಯಿಂದ ಕತ್ತರಿಸಿ. ಚರ್ಮದೊಳಗೆ ಹೂತಿದ್ದರೆ ಕೈ ಹಾಕಬೇಡಿ, ಅರಿವಳಿಕೆ ಕೊಟ್ಟು ಡಾಕ್ಟರೇ ತೆಗೆಯಬೇಕು. ದಾರ ಇಲ್ಲವಾದರೆ ಬುಡದಲ್ಲಿ ಸೀಳಿದ ಉಗುರು, ಬೆರಳ ಸಂದಿಯಲ್ಲಿ ನೆಟ್ಟ ಹುಲ್ಲಿನ ಮುಳ್ಳು, ಮುರಿದ ಬೆರಳು, ಕೀವಿನ ಗಂಟು, ಹೀಗೆ ಮುಂದುವರಿಯಿರಿ.

*ಎರಡು ಮೂರು ಕಾಲು, ಜೊತೆಗೆ ಮೂಗು ತುಟಿಯ ಮೇಲೆ ಹಕ್ಕಳೆ.* ಇದು ಕಜ್ಜಿ ಹುಳು, ಅಂದರೆ ಸಾರ್ಕಾಪ್ಟಿಸ್ ಮೈಟ್. ಉಗುರಿನ ಸುತ್ತ ಬೂದು ಬಣ್ಣದ ದಪ್ಪ ಪೊರೆ, ಕಿವಿಯ ಅಂಚಿನಲ್ಲಿ ಒರಟು, ವಿಪರೀತ ತುರಿಕೆ. ಮನೆಯವರ ಕೈ ಮೇಲೂ ಸಣ್ಣ ಗುಳ್ಳೆ ಎದ್ದು ಕೆರೆತ ಶುರುವಾಗಿದ್ದರೆ ಇನ್ನೇನು ಸಾಕ್ಷಿ ಬೇಕು? ಸಂತೆಯಿಂದಲೋ ಸಾಕುಪ್ರಾಣಿ ಅಂಗಡಿಯ ಇಕ್ಕಟ್ಟು ಪಂಜರದಿಂದಲೋ ತಂದ ಮರಿಗಳಲ್ಲಿ ಮೊದಲು ನೋಡಬೇಕಾದ್ದೇ ಇದು. ಕೂದಲು ದುಂಡಗೆ ಉದುರಿ ಪುಡಿಪುಡಿ ಹೊಟ್ಟು ಬರುತ್ತಿದ್ದರೆ ಹುಳುಕಡ್ಡಿಯೂ ಇರಬಹುದು. ಅದೂ ಮನುಷ್ಯರಿಗೆ ಅಂಟುತ್ತದೆ.

*ಎರಡೂ ಹಿಂಗಾಲಿನ ಹಿಮ್ಮಡಿ.* ಕೂದಲು ಸವೆದು, ಚರ್ಮ ಕೆಂಪಾಗಿ, ಆಮೇಲೆ ಹುಣ್ಣು. ತಂತಿ ತಳದ ಪಂಜರ, ಒದ್ದೆ ನೆಲ, ಜಾಸ್ತಿ ತೂಕ, ಉದ್ದ ಬೆಳೆದ ಉಗುರು ಇದಕ್ಕೆ ಕಾರಣ. ಕಚ್ಚುವುದು ಇಲ್ಲಿ ಎರಡನೆಯ ಹಂತ. ಮೊದಲು ಒತ್ತಿ ಹುಣ್ಣಾಗಿರುತ್ತದೆ, ನೋವಿಗೆ ನೆಕ್ಕಲು ಶುರುಮಾಡಿರುತ್ತದೆ.

*ಚರ್ಮದಲ್ಲಿ ಏನೂ ಇಲ್ಲ, ಆದರೂ ಒಂದೇ ಹಿಂಗಾಲನ್ನು ಬಿಡದೆ ಕಚ್ಚುತ್ತಿದೆ.* ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಈಚೆಗೆ ಆ ತೊಡೆಗೆ ಇಂಜೆಕ್ಷನ್ ಆಗಿತ್ತಾ? ಸಂತಾನಹರಣದ ಆಪರೇಷನ್ ಆಗಿತ್ತಾ?

ಈ ಕಾರಣ ಬಹಳ ಜನರಿಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಟಮೈನ್ ಮತ್ತು ಜೈಲಜೀನ್ ಬೆರೆಸಿದ ಅರಿವಳಿಕೆಯನ್ನು ತೊಡೆಯ ಹಿಂಭಾಗದ ಮಾಂಸಖಂಡಕ್ಕೆ ಚುಚ್ಚಿದಾಗ, ಅಲ್ಲೇ ಹಾದುಹೋಗುವ ಸಯಾಟಿಕ್ ನರಕ್ಕೆ ಔಷಧ ತಗುಲಿ ಉರಿ ಅಥವಾ ಜೋಮು ಉಂಟಾಗಬಹುದು. ಮೊಲದ ತೊಡೆ ಸಣ್ಣದು, ನರ ತಪ್ಪಿಸಲು ಜಾಗ ಕಡಿಮೆ. ಕೆಲವು ದಿನ ಕಳೆದ ಮೇಲೆ ಆ ಕಾಲಿನ ಬೆರಳನ್ನು ಮೊಲ ಕಚ್ಚಲು ಶುರು ಮಾಡುತ್ತದೆ, ಕೆಲವು ಸಲ ಬೆರಳೇ ಹೋಗುವಷ್ಟು. ಪಶುವೈದ್ಯ ಪತ್ರಿಕೆಗಳಲ್ಲಿ 1990ರ ದಶಕದಲ್ಲೇ ಇದು ದಾಖಲಾಗಿದೆ. ಹೊಟ್ಟೆಯ ಹೊಲಿಗೆ ಚೆನ್ನಾಗಿ ಒಣಗಿದೆ, ಕಾಲಿಗೂ ಆಪರೇಷನ್ನಿಗೂ ಏನು ಸಂಬಂಧ ಅಂದುಕೊಂಡು ಮನೆಯವರು ಈ ವಿಷಯ ಡಾಕ್ಟರಿಗೆ ಹೇಳುವುದೇ ಇಲ್ಲ. ಹೇಳಿ. ಮುಂದೆ ಆಪರೇಷನ್ ಮಾಡಿಸುವವರಾದರೆ ಮೊದಲೇ ವಿನಯದಿಂದ ಕೇಳಿ: ‘ಡಾಕ್ಟ್ರೇ, ಇಂಜೆಕ್ಷನ್ ಎಲ್ಲಿಗೆ ಕೊಡ್ತೀರಿ?’ ಸೊಂಟದ ಪಕ್ಕದ ಅಥವಾ ತೊಡೆಯ ಮುಂಭಾಗದ ಮಾಂಸಖಂಡ ನರದ ದೃಷ್ಟಿಯಿಂದ ಕ್ಷೇಮ. ಮೊಲ ನೋಡಿ ಅಭ್ಯಾಸ ಇರುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೆನ್ನುಮೂಳೆಗೆ ಪೆಟ್ಟು ಬಿದ್ದಿದ್ದರೂ ಕಾಲಿನ ಸ್ಪರ್ಶ ಹೋಗಿ ಇದೇ ತರ ಆಗುತ್ತದೆ. ವಯಸ್ಸಾದ ಮೊಲದಲ್ಲಿ ಕೀಲುನೋವು ಇರಬಹುದು.

ವಂಶದಿಂದ ಬರುವ ಚಟ ಅನ್ನುವುದೂ ಉಂಟು. 1995ರಲ್ಲಿ ಪ್ರಯೋಗಾಲಯದ ಚೆಕರ್ಡ್ ಮಿಶ್ರತಳಿಯ ಮೊಲಗಳು ಹೀಗೆ ಕಾಲು ಕಚ್ಚಿಕೊಳ್ಳುವುದು ವರದಿಯಾಗಿತ್ತು, ಮನೋರೋಗಕ್ಕೆ ಕೊಡುವ ಹಾಲೋಪೆರಿಡಾಲ್ ಕೊಟ್ಟಾಗ ಕಡಿಮೆಯೂ ಆಗಿತ್ತು. ಆದರೆ ಇದು ಅಪರೂಪ. ಹುಳು, ನೋವು, ನರ ಮೂರನ್ನೂ ಪರೀಕ್ಷಿಸದೆ ‘ಸ್ವಭಾವವೇ ಹಾಗೆ’ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಡಾಕ್ಟರ ಹತ್ತಿರ

ಇಲ್ಲಿ ಗಲ್ಲಿಗೊಂದು ಪೆಟ್ ಕ್ಲಿನಿಕ್ ಇದೆ, ಆದರೆ ಬಹುಪಾಲು ನಾಯಿ ಬೆಕ್ಕಿಗೆ. ಹೊರಡುವ ಮುಂಚೆ ಫೋನ್ ಮಾಡಿ ‘ಮೊಲ ನೋಡ್ತೀರಾ, ಎಕ್ಸಾಟಿಕ್ ಡಾಕ್ಟರು (ನಾಯಿ ಬೆಕ್ಕು ಬಿಟ್ಟು ಬೇರೆ ಸಾಕುಪ್ರಾಣಿ ನೋಡುವವರು) ಇವತ್ತು ಇರ್ತಾರಾ’ ಅಂತ ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಎರಡೂ ಗೊತ್ತಿರಲಿ. ಬೆಳಗ್ಗೆಯೇ ಹೋಗಿ. ಸಂಜೆ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಕೊಂಡ ಆಟೋದಲ್ಲಿ ಬಿಸಿಲಿಗೆ ಬೆಂದ ಮೊಲಕ್ಕೆ ಕಾಲುನೋವು ಚಿಕ್ಕ ಸಮಸ್ಯೆ ಆಗಿಬಿಡುತ್ತದೆ. ಮುಚ್ಚಿದ ಬುಟ್ಟಿ ಅಥವಾ ಕ್ಯಾರಿಯರ್, ಒಳಗೆ ಜಾರದ ಟವೆಲ್, ಒಂದು ಹಿಡಿ ಹುಲ್ಲು ಇರಲಿ.

ಅಲ್ಲಿ ಯಾವ ಪರೀಕ್ಷೆ ನಿರೀಕ್ಷಿಸಬಹುದು? ಹಕ್ಕಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಶಿಲೀಂಧ್ರಕ್ಕೆ ಕಲ್ಚರ್ (ಮಾದರಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು), ಮೂಳೆಗೆ ಮತ್ತು ಬೆನ್ನಿಗೆ ಎಕ್ಸ್‌ರೇ, ಕೀವಿದ್ದರೆ ಅದರ ಕಲ್ಚರ್. ಮೊಲದ ಕೀವು ನೀರಾಗಿ ಹರಿಯುವುದಿಲ್ಲ, ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಅದಕ್ಕೇ ಚುಚ್ಚಿ ಹಿಂಡಿದರೆ ಪ್ರಯೋಜನವಿಲ್ಲ, ಗಂಟನ್ನೇ ಕೆರೆದು ತೆಗೆಯಬೇಕಾಗುತ್ತದೆ. ಅರಿವಳಿಕೆ ಇದ್ದರೆ ‘ರಾತ್ರಿಯಿಂದ ಉಪವಾಸ ಇಡಿ’ ಅನ್ನುವ ಮಾತು ನಾಯಿಗೆ ಸರಿ, ಮೊಲಕ್ಕಲ್ಲ. ಮೊಲ ವಾಂತಿ ಮಾಡಲಾರದು, ಹೊಟ್ಟೆ ಖಾಲಿ ಬಿಟ್ಟರೆ ಕರುಳಿಗೇ ಅಪಾಯ.

ಔಷಧದ ಚೀಟಿ ಕೈಗೆ ಬಂದಾಗ ಇವಿಷ್ಟು ನೆನಪಿರಲಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಸೆಫಲೆಕ್ಸಿನ್ ಇವನ್ನು ಮೊಲದ ಬಾಯಿಗೆ ಹಾಕಬಾರದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿಯಾಗಿ ಮೊಲ ಸಾಯಬಹುದು. ಎನ್ರೋಫ್ಲಾಕ್ಸಸಿನ್, ಟ್ರೈಮೆಥೋಪ್ರಿಮ್-ಸಲ್ಫಾ ಮೊದಲಾದವು ಸಾಮಾನ್ಯವಾಗಿ ಒಗ್ಗುತ್ತವೆ. ಫಿಪ್ರೊನಿಲ್ ಇರುವ ಉಣ್ಣೆ-ಚಿಗಟದ ಸ್ಪ್ರೇ ಅಥವಾ ಹನಿ ನಾಯಿಗೆ ಎಷ್ಟೇ ಒಗ್ಗಿರಲಿ, ಮೊಲಕ್ಕೆ ಮಾರಕ. ಸ್ಟೀರಾಯ್ಡ್ ಬೆರೆತ ಚರ್ಮದ ಮುಲಾಮು ಮನೆಯಲ್ಲಿ ಇದೆ ಅಂತ ಹಚ್ಚಬೇಡಿ. ಟೀ ಟ್ರೀ ಎಣ್ಣೆ ಬೇಡ. ನಮ್ಮ ನೋವಿನ ಮಾತ್ರೆಗಳೂ ಬೇಡ.

ಕಾರಣಕ್ಕೆ ತಕ್ಕ ಚಿಕಿತ್ಸೆ

ಕಜ್ಜಿ ಹುಳುವಿಗೆ ಐವರ್ಮೆಕ್ಟಿನ್ ಅಥವಾ ಸೆಲಮೆಕ್ಟಿನ್. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಔಷಧಕ್ಕೆ ಮೊಟ್ಟೆ ಸಾಯದ ಕಾರಣ ಸುಮಾರು ಎರಡು ವಾರಕ್ಕೊಮ್ಮೆ ಮತ್ತೆ ಕೊಡಬೇಕು. ದನಕ್ಕೆ ಕೊಡುವ 1 ಶೇಕಡಾ ಐವರ್ಮೆಕ್ಟಿನ್ ಬಾಟಲಿ ಸುಲಭಕ್ಕೆ ಸಿಗುತ್ತದೆ ಅಂತ ತಾವೇ ಚುಚ್ಚುವವರಿದ್ದಾರೆ. ಲೆಕ್ಕ ನೋಡಿ: ಕಿಲೋಗೆ 0.2ರಿಂದ 0.4 ಮಿಲಿಗ್ರಾಂ ಅಂದರೆ ಎರಡು ಕಿಲೋ ಮೊಲಕ್ಕೆ 0.04ರಿಂದ 0.08 ಮಿಲಿ. ಸಿರಿಂಜಿನಲ್ಲಿ ಸ್ವಲ್ಪ ಆಚೀಚೆಯಾದರೂ ಡೋಸ್ ತೀರಾ ಹೆಚ್ಚಾಗಿಬಿಡಬಹುದು. ಡಾಕ್ಟರೇ ತೂಗಿ ಕೊಡಲಿ. ಮನೆಯ ಎಲ್ಲ ಮೊಲಗಳಿಗೂ ಒಟ್ಟಿಗೆ ಕೊಡಿಸಿ, ಹಾಸು ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಮರದ ಗೂಡಿನ ಸಂದು ತೊಳೆದು ಒಣಗಿಸಿ.

ನೋವಿಗೆ ಸಾಮಾನ್ಯವಾಗಿ ಕೊಡುವುದು ಮೆಲಾಕ್ಸಿಕಾಮ್. ನರದ ತೊಂದರೆ ಅಂತ ಅನಿಸಿದರೆ ಡಾಕ್ಟರು ಗಾಬಾಪೆಂಟಿನ್ ಸೇರಿಸಬಹುದು. ನೋವಿನ ಔಷಧವನ್ನು ‘ಚೆನ್ನಾಗಿದೆಯಲ್ಲ’ ಅಂತ ಮಧ್ಯದಲ್ಲಿ ನಿಲ್ಲಿಸುವುದೇ ಮತ್ತೆ ಕಚ್ಚಲು ದಾರಿ. ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ಕಣ್ಣು ಅರ್ಧ ಮುಚ್ಚುವುದು, ಕೆನ್ನೆ ಚಪ್ಪಟೆಯಾಗುವುದು, ಕಿವಿ ಬಿಗಿಯಾಗಿ ಹಿಂದಕ್ಕೆ ಹೋಗುವುದು, ಮೂಗು ಮೊನಚಾಗುವುದು, ಮೀಸೆ ಬಿರುಸಾಗುವುದು: ಈ ಐದನ್ನು ನೋಡಿ ನೋವು ಅಳೆಯುವ ಕ್ರಮವೊಂದು 2012ರಿಂದ ಬಳಕೆಯಲ್ಲಿದೆ. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿದ್ದರೂ ಅದೇ ಅರ್ಥ.

ಗಾಯ ತೊಳೆಯಲು ಮೆಡಿಕಲ್ ಸ್ಟೋರಿನ ನಾರ್ಮಲ್ ಸಲೈನ್ ಸಾಕು. ಪೊವಿಡೋನ್ ಅಯೋಡಿನ್ ಹಾಕುವುದಾದರೆ ತೆಳು ಟೀ ಬಣ್ಣ ಬರುವವರೆಗೆ ನೀರು ಬೆರೆಸಿ. ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮವನ್ನೇ ಸುಡುತ್ತದೆ. ತೊಳೆದ ಮೇಲೆ ಒತ್ತಿ ಒರೆಸಿ, ಪೂರ್ತಿ ಒಣಗಿಸಿ. ಇಡೀ ಮೊಲಕ್ಕೆ ಸ್ನಾನ ಮಾಡಿಸಬೇಡಿ.

ಮಳೆಗಾಲದಲ್ಲಿ ಒದ್ದೆ ಗಾಯಕ್ಕೆ ನೊಣ ಮುತ್ತುತ್ತದೆ. ಒಂದು ದಿನದೊಳಗೆ ಮೊಟ್ಟೆಯೊಡೆದು ಹುಳ ಆಗುತ್ತದೆ. ಬಾಲ್ಕನಿಯಲ್ಲಿ ಇಡುವವರು ವಾಸಿಯಾಗುವವರೆಗೆ ಒಳಗೆ ತನ್ನಿ, ಕಿಟಕಿಗೆ ಸೊಳ್ಳೆಪರದೆ ಇರಲಿ.

ಸತ್ತ ಬೆರಳು ಉಳಿಯುವುದಿಲ್ಲ. ಡಾಕ್ಟರು ತೆಗೆಯಬೇಕು ಅಂದರೆ ತಡ ಮಾಡಬೇಡಿ. ಒಂದು ಬೆರಳಿಲ್ಲದೆ ಮೊಲ ಆರಾಮಾಗಿ ಓಡುತ್ತದೆ. ಇಡೀ ಕಾಲು ಹೋದರೆ ಮಾತ್ರ ಉಳಿದ ಹಿಮ್ಮಡಿಗೆ ಭಾರ ಬಿದ್ದು ಅಲ್ಲಿ ಹುಣ್ಣಾಗದಂತೆ ಜೀವನಪೂರ್ತಿ ನೋಡಿಕೊಳ್ಳಬೇಕು.

ಬಾಯಿ ತಲುಪದಂತೆ ಮಾಡುವುದು

ಬಾಯಿ ಕಾಲಿಗೆ ತಲುಪದಂತೆ ಕೊರಳಿನ ಸುತ್ತ ಕಾಲರ್ ಹಾಕುವುದು ಕೊನೆಯ ಉಪಾಯವಾಗಿರಲಿ. ನಾಯಿಯ ಗಟ್ಟಿ ಪ್ಲಾಸ್ಟಿಕ್ ಕಾಲರ್ ಮೊಲಕ್ಕೆ ಹಿಂಸೆ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಹಿಂಭಾಗದಿಂದಲೇ ನೇರ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಅದರಲ್ಲಿ ಅದಕ್ಕೆ ಬೇಕಾದ ವಿಟಮಿನ್, ಪ್ರೋಟೀನ್ ಇದೆ. ಕಾಲರ್ ಇದ್ದರೆ ಅದು ಸಿಗುವುದಿಲ್ಲ. ಹತ್ತಿ ತುಂಬಿದ ಮೆತ್ತನೆ ಬಟ್ಟೆ ಕಾಲರ್ ತನ್ನಿ, ಕೊರಳಿಗೂ ಬಟ್ಟೆಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಬಿಡಿ. ಬೆಳಗಿನ ಜಾವ ನೆಲದ ಮೇಲೆ ದ್ರಾಕ್ಷಿಗೊಂಚಲಿನಂಥ ಹೊಳೆಯುವ ಹಿಕ್ಕೆ ಬಿದ್ದಿದ್ದರೆ ಬೆರಳಿಂದ ಎತ್ತಿ ಅದರ ಬಾಯಿ ಹತ್ತಿರ ಹಿಡಿಯಿರಿ. ಅಸಹ್ಯ ಅನಿಸಬಹುದು, ಮೊಲಕ್ಕೆ ಅದು ಊಟ. ಹುಲ್ಲನ್ನು ಎತ್ತರದ ಬುಟ್ಟಿಯಲ್ಲಿ ಇಡದೆ ನೆಲದ ಮೇಲೆ ಹರಡಿ, ನೀರನ್ನು ಅಗಲ ಬಟ್ಟಲಿನಲ್ಲಿ ಇಡಿ.

ಬ್ಯಾಂಡೇಜ್ ಹಾಕಿದ್ದರೆ ಒದ್ದೆಯಾದ ಕೂಡಲೇ ಬದಲಿಸಬೇಕು. ಬ್ಯಾಂಡೇಜಿನ ಮೇಲಿನ ಅಥವಾ ಕೆಳಗಿನ ಭಾಗ ಊದಿಕೊಂಡರೆ ಬಿಗಿಯಾಗಿದೆ ಅಂತ ಅರ್ಥ. ಮಗುವಿನ ಕಾಲುಚೀಲವನ್ನು ಮೇಲಿಂದ ಹಾಕುವುದು ಒಳ್ಳೆಯ ಉಪಾಯವೇ, ಆದರೆ ನೀವು ಎದುರಿಗೆ ಇದ್ದಾಗ ಮಾತ್ರ.

ತಿನ್ನುವುದು ಕಡಿಮೆಯಾದರೆ ಪೆಲೆಟ್ (ಮೊಲದ ಒಣ ಗುಳಿಗೆ ಆಹಾರ) ನೆನೆಸಿ ಕಿವುಚಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪಸ್ವಲ್ಪ ಕೊಡಿ. ಗಣೇಶನಿಗೆ ತರುವ ಗರಿಕೆ ಹೆಚ್ಚಿನ ಮೊಲಗಳಿಗೆ ಬಹಳ ಇಷ್ಟ, ಚೆನ್ನಾಗಿ ತೊಳೆದು ಕೊಡಿ. ಕೊತ್ತಂಬರಿಯ ವಾಸನೆಗೆ ಊಟ ಬಿಟ್ಟ ಮೊಲವೂ ಮೂಗು ಅಲ್ಲಾಡಿಸುವುದುಂಟು.

ನೆಲ, ಗೂಡು, ಜೊತೆ

ವಿಟ್ರಿಫೈಡ್ ಟೈಲ್ಸ್ ಮತ್ತು ಗ್ರಾನೈಟ್ ಮೊಲದ ಕಾಲಿಗೆ ಆಗಿಬರುವುದಿಲ್ಲ. ಜಾರುತ್ತದೆ, ಒತ್ತುತ್ತದೆ. ಈಚಲು ಚಾಪೆ ಒಳ್ಳೆಯದು, ಅಗಿದರೂ ತೊಂದರೆಯಿಲ್ಲ. ಅದರ ಮೇಲೆ ಮಡಿಸಿದ ಹತ್ತಿ ಬೆಡ್‌ಶೀಟ್. ಕುಣಿಕೆ ಕುಣಿಕೆಯಾಗಿ ನೂಲು ಎದ್ದಿರುವ ಟರ್ಕಿ ಬಟ್ಟೆ, ಬಿಚ್ಚಿದ ಅಂಚಿನ ಜಮಖಾನ, ಗೋಣಿಚೀಲ ತೆಗೆದುಹಾಕಿ. ತಂತಿ ತಳದ ಪಂಜರ ಇದ್ದರೆ ಅದನ್ನು ಇವತ್ತೇ ಮುಚ್ಚಿ, ಕನಿಷ್ಠ ರಟ್ಟಾದರೂ ಹಾಸಿ. ಮೂತ್ರದ ಮೂಲೆಯನ್ನು ದಿನಾ ಬದಲಿಸಿ. ಉಗುರನ್ನು ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಕತ್ತರಿಸಿ.

ಎಲ್ಲ ಪರೀಕ್ಷೆಯೂ ಸರಿ ಬಂದು, ಗಾಯ ಮಾಗಿದ ಮೇಲೂ ಕಚ್ಚುವುದು ನಿಲ್ಲದಿದ್ದರೆ ಆಗ ಬೇಸರ ಮತ್ತು ಭಯದ ಕಡೆ ನೋಡಿ. ಮೊಲ ಗುಂಪಿನ ಜೀವಿ. ಬೆಳಗ್ಗೆಯಿಂದ ರಾತ್ರಿವರೆಗೆ ಆಫೀಸಿಗೆ ಹೋಗುವ ಮನೆಯಲ್ಲಿ ಎರಡಡಿ ಪಂಜರದಲ್ಲಿ ಒಂಟಿಯಾಗಿ ಕೂತಿರುವ ಮೊಲ ಇನ್ನೇನು ಮಾಡಬೇಕು? ದಿನಕ್ಕೆ ಕೆಲವು ಗಂಟೆ ಬಿಟ್ಟು ಓಡಾಡಿಸಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಹುಲ್ಲು ತುಂಬಿದ ಪೇಪರ್ ರೋಲ್ ಕೊಡಿ. ದೀಪಾವಳಿಯ ವಾರ ಒಳಗಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಅಡಗಲು ಪೆಟ್ಟಿಗೆ ಇಟ್ಟು ನೋಡಿಕೊಳ್ಳಿ. ಜೊತೆ ತರುವ ಯೋಚನೆ ಇದ್ದರೆ ಎರಡಕ್ಕೂ ಸಂತಾನಹರಣ ಆದ ಮೇಲೆಯೇ ಮೆಲ್ಲಗೆ ಪರಿಚಯ ಮಾಡಿಸಿ.

ವಾಸಿಯಾಗುತ್ತಿದೆಯಾ?

ದಿನಾ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಗಾಯದ ಫೋಟೋ ತೆಗೆಯಿರಿ. ಅಂಚು ಒಳಕ್ಕೆ ಬರುತ್ತಾ, ತಳ ನಸುಗೆಂಪಾಗಿ, ಒಣಗುತ್ತಾ ಹೋದರೆ ಸರಿದಾರಿ. ಕೆಟ್ಟ ವಾಸನೆ, ಹೊಸ ಊತ, ಕಾಲು ಊರದೆ ಇರುವುದು ಕಂಡರೆ ಮತ್ತೆ ಡಾಕ್ಟರ ಹತ್ತಿರ. ಅಡುಗೆಮನೆಯ ತೂಕದ ಯಂತ್ರದಲ್ಲಿ ವಾರಕ್ಕೆ ಎರಡು ಸಲ ಮೊಲವನ್ನು ತೂಗಿ ಬರೆದಿಡಿ.

ಚರ್ಮ ಮುಚ್ಚಿದ ಕೂಡಲೇ ಕಾಲರ್ ತೆಗೆದು ಬಿಸಾಕಬೇಡಿ. ಮಾಗುವ ಗಾಯ ಕೆರೆಯುತ್ತದೆ. ಮೊದಲ ದಿನ ನೀವು ಎದುರಿಗೆ ಕೂತು ಒಂದು ಗಂಟೆ ತೆಗೆದು ನೋಡಿ. ಕಾಲನ್ನು ಮುಖ ತೊಳೆಯುವ ಹಾಗೆ ಸುಮ್ನೆ ನೆಕ್ಕಿ ಬಿಟ್ಟರೆ ಮಾರನೇ ದಿನ ಇನ್ನಷ್ಟು ಹೊತ್ತು ಬಿಡಿ. ಅದೇ ಜಾಗಕ್ಕೆ ಹಲ್ಲು ಹೋದರೆ ಕಾಲರ್ ಮತ್ತೆ ಹಾಕಿ, ನೋವಿನ ಔಷಧ ಇನ್ನೂ ಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ.